ಕುಳೇಂ ತನಕ ಹೋಗಿ ಬಂದ ದಿನ

ಗದಗಿನ ನಮ್ಮ ಕ್ರೈಸ್ತ ಸಭೆಯಲ್ಲಿ ಪಾದ್ರಿ ಅಯ್ಯನವರು ಆ ಭಾನುವಾರ ಕೇಳಿದ್ದು ಇಷ್ಟೇ. ಗೋವಾದ ವಾಸ್ಕೋದಲ್ಲಿ ದುಡಿಯುವ ನಮ್ಮ ಕಡೆಯ ಜನರ ನಡುವೆ ಎರಡು ವರ್ಷ ಇದ್ದು ಸೇವೆ ಮಾಡಲು ವಯಸ್ಸಾದ ಒಂದು ಜೋಡಿ ಬೇಕು, ಗಂಡ ಹೆಂಡತಿ ಇಬ್ಬರೂ ಹೋಗಬೇಕು. ನನ್ನ ಗಂಡ ಎದ್ದು ನಿಂತರು. ನನ್ನ ಕಡೆ ನೋಡಲಿಲ್ಲ. ಹೆಂಗಸರ ಸಾಲಿನಲ್ಲಿದ್ದ ನನ್ನನ್ನು ಎಲ್ಲರೂ ತಿರುಗಿ ನೋಡಿದಾಗ ನಾನು ನಕ್ಕೆ. ಆ ನಗುವನ್ನೇ ಒಪ್ಪಿಗೆ ಅಂದುಕೊಂಡರು. ಗದಗಿನಿಂದ ವಾಸ್ಕೋಗೆ ಒಂದು ಹಗಲಿನ ರೈಲು ಪ್ರಯಾಣ, ಆದರೂ ನಮ್ಮ ಸಭೆಯ ಹಿರಿಯರು ಅದನ್ನು ಪರದೇಶದ ಸೇವೆ ಎಂದೇ ಹೇಳಿ ಪ್ರಾರ್ಥನೆ ಮಾಡಿ ಕಳಿಸಿದರು.

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ಸರಕಾರಿ ದವಾಖಾನೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು. ನಮ್ಮ ಸಂಸಾರ ಚೆನ್ನಾಗಿಯೇ ನಡೆದಿತ್ತು, ಅದು ಹೇಗೆ ನಡೆದಿತ್ತು ಅನ್ನುವುದು ವಾಸ್ಕೋಗೆ ಬಂದ ಮೇಲೆ ನನಗೆ ತಿಳಿಯಿತು. ಅವರು ಮನೆಗೆ ಬರುವ ಹೊತ್ತಿಗೆ ನನ್ನ ಪಾಳಿ ಶುರುವಾಗುತ್ತಿತ್ತು. ದವಾಖಾನೆಗೆ ಹೋಗುವ ಬಸ್ಸಿನಲ್ಲಿ ಅರ್ಧ ತಾಸು, ಬರುವಾಗ ಅರ್ಧ ತಾಸು, ಕಿಟಕಿ ಪಕ್ಕ ನಾನೊಬ್ಬಳೇ. ಅಷ್ಟು ನನಗೆ ಸಾಕಾಗಿತ್ತು.

ವಾಸ್ಕೋದಲ್ಲಿ ಪ್ರಾರ್ಥನಾ ಮಂದಿರದ ಹಿಂದೆ ನಮಗೆ ಒಂದು ಖೋಲಿ ಕೊಟ್ಟಿದ್ದರು. ಎರಡು ಮಂಚ, ಒಂದು ಒಲೆ, ಒಂದು ಕಿಟಕಿ. ಕಿಟಕಿ ತೆಗೆದರೆ ಬಂದರದ ಕಲ್ಲಿದ್ದಲ ಧೂಳು ಒಳಗೆ ಬರುತ್ತಿತ್ತು. ಒಣಹಾಕಿದ ಬಿಳಿ ಸೀರೆ ಮಧ್ಯಾಹ್ನದೊಳಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕೆ ಕಿಟಕಿ ಮುಚ್ಚೇ ಇರುತ್ತಿತ್ತು. ಸೇವೆಗೆ ಬಂದ ಜೋಡಿ ಮಾರ್ಕೆಟ್ಟು ಬಿಟ್ಟು ಬೇರೆ ಎಲ್ಲಿಗೆ ಹೋದರೂ ಜೋಡಿಯಾಗಿಯೇ ಹೋಗಬೇಕು, ಮೊದಲ ವರ್ಷ ಊರಿಗೆ ಹೋಗುವಂತಿಲ್ಲ ಅನ್ನುವುದು ಸಭೆಯ ನಿಯಮ. ಗದಗಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬಂದಿದ್ದೆವು.

ಬೆಳಿಗ್ಗೆ ಅವರು ಸತ್ಯವೇದ ಗಟ್ಟಿಯಾಗಿ ಓದುತ್ತಿದ್ದರು, ನಾನು ಎದುರು ಕೂತು ಕೇಳಬೇಕು. ಆಮೇಲೆ ಜನರ ಮನೆಗಳಿಗೆ ಹೋಗುವುದು, ಅವರು ಮುಂದೆ, ನಾನು ಹಿಂದೆ. ಮಂಗಳವಾರ ಹೆಂಗಸರ ಪ್ರಾರ್ಥನೆಗೆ ಮಾತ್ರ ನಾನು ಮುಂದೆ ಕೂರಬೇಕು. ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ನಾನು ತಪ್ಪಿದಲ್ಲಿ ಸಣ್ಣಗೆ ಕೆಮ್ಮುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ, ಮಕ್ಕಳಿಗೆ ಲೆಕ್ಕ ತಿದ್ದಿ ತಿದ್ದಿ ಬಂದ ರೂಢಿ ಅದು. ಆದರೆ ಆರನೇ ತಿಂಗಳಿಗೆ ಆ ಕೆಮ್ಮು ಕೇಳಿದರೆ ಓದುತ್ತಿದ್ದ ಸಾಲನ್ನೇ ಬಿಟ್ಟು ಮುಂದೆ ಹೋಗುತ್ತಿದ್ದೆ. ಸ್ನಾನದ ಮನೆಯಲ್ಲಿ ನಳ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ಹೊರಗಿನಿಂದ ಅವರು, "ಆತೇನು? ಹೊತ್ತಾತು" ಅನ್ನುತ್ತಿದ್ದರು.

ಎಂಟನೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಕೊತ್ತಂಬರಿ ತರುತ್ತೇನೆ ಎಂದು ಚೀಲ ಹಿಡಿದು ಹೊರಟೆ. ಮಾರ್ಕೆಟ್ಟಿನಿಂದ ಸ್ಟೇಷನ್ ಹತ್ತಿರ. ನಮ್ಮ ಕಡೆ ಹೋಗುವ ಗಾಡಿ ನಿಂತಿತ್ತು. ಟಿಕೆಟ್ ತೆಗೆಸಿ ಹತ್ತಿದೆ. ಇಷ್ಟು ಸುಲಭವಾ ಅನ್ನಿಸಿತು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಡಗಾಂವ್ ದಾಟುವವರೆಗೂ ನನ್ನ ಮೈ ಹಗುರಾಗಿತ್ತು, ಖರೇ ಹೇಳುತ್ತೇನೆ, ದೇವರ ನೆನಪೂ ಆಗಲಿಲ್ಲ.

ಘಟ್ಟದ ಬುಡದ ಕುಳೇಂ ಸ್ಟೇಷನ್ನಿನಲ್ಲಿ ಗಾಡಿ ಭಾಳ ಹೊತ್ತು ನಿಲ್ಲುತ್ತದೆ. ಘಟ್ಟ ಹತ್ತಲು ಇನ್ನೊಂದು ಎಂಜಿನ್ ಜೋಡಿಸುತ್ತಾರೆ. ಆ ನಿಂತ ಹೊತ್ತೇ ನನಗೆ ಮುಳುವಾಯಿತು. ಗದಗಿನಲ್ಲಿ ಇಳಿದು ಎಲ್ಲಿಗೆ ಹೋಗುವುದು ಎಂದು ಯೋಚಿಸಿದೆ. ನಮ್ಮ ಮನೆಯ ಬಾಗಿಲು ಬಡಿದರೆ ಬಾಡಿಗೆಯ ಹೆಂಗಸು ಬಂದು, "ಯಾರು ಬೇಕಾಗಿತ್ರಿ?" ಅನ್ನುತ್ತಾಳೆ. ಮಗಳ ಮನೆಗೆ ಹೋದರೆ ಮೊದಲು ಕೇಳುವುದು, "ಅಪ್ಪಾ ಎಲ್ಲಿ?" ಸಭೆಯವರಂತೂ ಅದೇ ಸಂಜೆ ಫೋನ್ ಮಾಡುತ್ತಾರೆ. ಅರವತ್ತೆರಡು ವರ್ಷದ ನಾನು ಚೀಲ ಹಿಡಿದು ಇಳಿಯಬಹುದಾದ ಊರು ಒಂದೂ ಇರಲಿಲ್ಲ. ಎಂಜಿನ್ ಬಂದು ಜೋಡಿಸಿಕೊಂಡಾಗ ಗಾಡಿಯನ್ನು ಹಿಂದಕ್ಕೆ ಒಮ್ಮೆ ತಳ್ಳಿದಂತಾಯಿತು. ನಾನು ಇಳಿದುಬಿಟ್ಟೆ.

ಗಾಡಿ ಕಾಡಿನೊಳಗೆ ಹೋಗುವುದನ್ನು ನೋಡುತ್ತ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನ ವಾಸ್ಕೋ ಕಡೆ ಹೋಗುವ ಗಾಡಿ ಸಿಕ್ಕಿತು.

ನಾನು ಮುಟ್ಟುವಷ್ಟರಲ್ಲಿ ಪ್ರಾರ್ಥನೆಯ ಹೊತ್ತು ಮೀರಿತ್ತು. ಖೋಲಿಯ ಬಾಗಿಲಲ್ಲಿ ಗಂಡ ನಿಂತಿದ್ದರು. ಎಲ್ಲಿಗೆ ಹೋಗಿದ್ದಿ ಎಂದು ಕೇಳಲಿಲ್ಲ. ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿ, "ಪ್ರಾರ್ಥನಾಕ್ಕ ಬಂದ ಹೆಂಗಸರಿಗೆ ಆಕಿಗೆ ಜ್ವರ ಬಂದೈತಿ, ಮಲಗ್ಯಾಳ ಅಂತ ಹೇಳೇನಿ. ಮಲಗು" ಅಂದರು.

"ನನಗೇನೂ ಆಗಿಲ್ರೀ."

"ಮಲಗು ಅಂದೆ. ಅವರು ನೋಡಾಕ ಬರ್ತಾರ."

ಹಾಗೆ ನಾನು ಜ್ವರವಿಲ್ಲದೆ ಹೊದ್ದುಕೊಂಡು ಮಲಗಿದೆ. ಕಿಟಕಿ ಮುಚ್ಚಿತ್ತು, ಸೆಕೆಗೆ ಬೆವರು ಹರಿಯುತ್ತಿತ್ತು. ಮರುದಿನವೂ ಏಳುವಂತಿರಲಿಲ್ಲ. ಹೆಂಗಸರು ಕೆಲಸ ಮುಗಿಸಿ ಒಬ್ಬೊಬ್ಬರೇ ಬಂದರು. ಒಬ್ಬಳು ಗಂಜಿ ತಂದಳು, ಒಬ್ಬಳು ಮೋಸಂಬಿ ತಂದಳು. ಪಕ್ಕದ ಸಾಲಿನ ಸಾಬರ ಮನೆಯ ಹಿರಿಯ ಹೆಂಗಸು, ನಮ್ಮ ಸಭೆಗೆ ಸಂಬಂಧವೇ ಇಲ್ಲದವಳು, ಮೆಣಸಿನ ಸಾರು ಕೊಟ್ಟುಹೋದಳು. ಅವರಿಗೆ ಸೇವೆ ಮಾಡಲು ಬಂದವಳು ನಾನು. ಅವರು ನನ್ನ ಕಾಲು ಒತ್ತುತ್ತಿದ್ದರು.

ಕೊನೆಗೆ ಬಂದವಳು ವಿಜಯಪುರ ಕಡೆಯವಳು, ಕಟ್ಟಡದ ಕೆಲಸದಲ್ಲಿ ಸಿಮೆಂಟ್ ಬುಟ್ಟಿ ಹೊರುವವಳು. ಪುಡಿ ಮೆತ್ತಿದ ಅವಳ ಒರಟು ಅಂಗೈ ನನ್ನ ಹಣೆಯ ಮೇಲೆ ಬಿತ್ತು. ಎಷ್ಟೋ ಹಣೆ ಮುಟ್ಟಿ ಜ್ವರ ನೋಡಿದ ನನಗೆ ಗೊತ್ತಾಯಿತು, ಅವಳಿಗೆ ತಿಳಿದುಹೋಗಿದೆ. ಆದರೂ ಅವಳು ಕಣ್ಣು ಮುಚ್ಚಿ, "ದೇವ್ರೇ, ನಮ್ಮ ಅಮ್ಮಾರ ಮೈ ತಣ್ಣಗ ಮಾಡಪ್ಪಾ" ಎಂದು ಪ್ರಾರ್ಥನೆ ಶುರುಮಾಡಿದಳು. ಉಳಿದವರೂ ತಲೆ ಬಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. ಎದ್ದು ಕೂತೆ.

"ನನಗ ಜ್ವರ ಇಲ್ರವಾ. ನಾ ಗಾಡಿ ಹತ್ತಿ ಊರಿಗೆ ಓಡಿ ಹೊಂಟಿದ್ದೆ. ಕುಳೇಂ ತನ ಹೋಗಿ ತಿರುಗಿ ಬಂದೆ."

ಕಷಾಯದ ಲೋಟ ಹಿಡಿದು ಗಂಡ ಬಾಗಿಲಲ್ಲೇ ನಿಂತಿದ್ದರು. ವಿಜಯಪುರದವಳು ಕಣ್ಣು ತೆರೆದು, "ಕುಳೇಂ ತನ ಅಷ್ಟೇನ್ರಿ?" ಅಂದಳು. "ನಾ ಎರಡ ಸಲ ಹೋಗೇನಿ. ಒಮ್ಮೆ ಲೋಂಡಾ ತನ. ಇನ್ನೊಮ್ಮೆ ಧಾರವಾಡ ಮುಟ್ಟಿದ್ದೆ, ಅಲ್ಲಿಂದ ಬಂದೆ."

"ಯಾಕ ತಿರುಗಿ ಬಂದಿ?"

"ಎಲ್ಲಿಗ್ ಹೋಗ್ಲ್ರಿ ಮತ್ತ?"

ಗಂಜಿ ತಂದವಳು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ತಾನು ವಾಳಪೈ ಊರಿನ ಅಕ್ಕನ ಮನೆಗೆ ಓಡಿಹೋಗಿ ಮೂರು ದಿನ ಇದ್ದದ್ದನ್ನು ಹೇಳಿದಳು. ಆ ಸಂಜೆ ನಾವು ಕೀರ್ತನೆ ಹಾಡಲಿಲ್ಲ, ವಾಕ್ಯ ಓದಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಯಾರೂ ಕೆಮ್ಮಲಿಲ್ಲ.

ಗಂಡ ಲೋಟ ನೆಲದ ಮೇಲಿಟ್ಟು ಹೊರಗೆ ಹೋಗಿದ್ದರು. ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಒಂದೇ ಖೋಲಿಯಲ್ಲಿ ಮಾತಿಲ್ಲದೆ ಇರುವುದು ಎಷ್ಟು ಕಷ್ಟ ಅಂದರೆ, ಅವರ ಚಮಚ ತಾಟಿಗೆ ತಾಗುವ ಸಪ್ಪಳಕ್ಕೂ ನಾನು ಬೆಚ್ಚುತ್ತಿದ್ದೆ. ಐದನೇ ದಿನ ಊಟ ಮಾಡುತ್ತ, ತಾಟು ನೋಡಿಕೊಂಡೇ ಕೇಳಿದರು.

"ನಾ ಅವರಿಗೆ ಮತ್ತೇನ್ ಹೇಳಬೇಕಿತ್ತು?"

"ಖರೇ ಹೇಳಬೇಕಿತ್ತ್ರಿ."

"ಖರೇ ನನಗ ಗೊತ್ತಿರಲಿಲ್ಲ. ನೀ ಸತ್ತೀಯೋ, ಎಲ್ಲರೆ ಬಿದ್ದೀಯೋ, ಮಾರ್ಕೆಟ್ ಎಲ್ಲಾ ಹುಡುಕಿದೆ." ನೀರಿನ ಲೋಟ ನನ್ನ ಕಡೆ ಸರಿಸಿ, "ಕುಳೇಂದಾಗ ಏನರೆ ತಿಂದಿಯೇನು?" ಅಂದರು.

"ಒಂದು ವಡಾಪಾವ್."

ತಲೆ ಆಡಿಸಿದರು. ನಾನು ಆಗ ಎಲ್ಲವನ್ನೂ ಹೇಳಿಬಿಡಬಹುದಿತ್ತು. ನನಗೆ ಈ ಸೇವೆ ಬೇಕಿರಲಿಲ್ಲ, ನನ್ನನ್ನು ಕೇಳಲಿಲ್ಲ, ನಿಮ್ಮ ಜೊತೆ ಹಗಲೂ ರಾತ್ರಿ ಇರುವುದು ಹೇಗೆಂದು ನನಗೆ ಗೊತ್ತಿಲ್ಲ ಎಂದು. ಅವರು ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಒಂದನ್ನೇ ಕೇಳಿದೆ. ಮಂಗಳವಾರ ಹೆಂಗಸರ ಪ್ರಾರ್ಥನೆಗೆ ನಾನೊಬ್ಬಳೇ ಹೋಗುತ್ತೇನೆ, ಅವರ ಮನೆಗಳಲ್ಲೇ ಕೂರುತ್ತೇವೆ, ನೀವು ಬರಬೇಡಿ. ನಿಯಮ ಒಪ್ಪುವುದಿಲ್ಲ ಅಂದರು. ಆದರೆ ಆ ಮಂಗಳವಾರ ನಾನು ಹೊರಟಾಗ ಚಪ್ಪಲಿ ಹಾಕಿಕೊಳ್ಳದೆ ಮಂಚದ ಮೇಲೇ ಕೂತಿದ್ದರು.

ಅದರಿಂದ ಎಲ್ಲಾ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ವಾರದಲ್ಲಿ ಉಳಿದ ಆರು ದಿನ ಖೋಲಿ ಅದೇ ಖೋಲಿ. ಇನ್ನೂ ಹದಿನಾರು ತಿಂಗಳಿತ್ತು. ಮಳೆಗಾಲದ ಮೊದಲು ವಿಜಯಪುರದವಳು ದುಡಿಯುತ್ತಿದ್ದ ಕಟ್ಟಡ ಮುಗಿಯಿತು, ಠೇಕೇದಾರ ಅವಳನ್ನೂ ಜೊತೆಯವರನ್ನೂ ಸಾಂಖಳಿ ಕಡೆಯ ಕೆಲಸಕ್ಕೆ ಕರೆದೊಯ್ದ. ಗಂಟು ಕಟ್ಟುತ್ತ ಅವಳು ಹೇಳಿದಳು, "ನಿಮಗರೆ ತಿರುಗಿ ಹೋಗೂ ತಾರೀಖು ಐತ್ರಿ ಅಮ್ಮಾರ."

ನಾನು ಗಂಟಿನ ಇನ್ನೊಂದು ತುದಿ ಹಿಡಿದು ಬಿಗಿದುಕೊಟ್ಟೆ. ಟೆಂಪೋ ಬಂತು, ಅವಳು ಹಿಂದೆ ಮರಳಿನ ಚೀಲಗಳ ಮೇಲೆ ಹತ್ತಿ ಕೂತಳು.