ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ

ಸ್ನೇಹಿತರೇ, ಪೊಲೀಸ್ ಠಾಣೆಯಿಂದ ಈಗಷ್ಟೇ ಬರಿಗೈಯಲ್ಲಿ ಬಂದೆ. ಬೆಳೆ ಕಾಯಲು ಲೈಸೆನ್ಸ್ ಪಡೆದ ನಮ್ಮ ಕೋವಿಯನ್ನು ಚುನಾವಣೆ ಎಂದು ಅಲ್ಲಿ ಇಡಿಸಿಕೊಂಡಿದ್ದಾರೆ.

ನಮ್ಮ ಗದ್ದೆ ಕಾರ್ಕಳದ ಹತ್ತಿರ, ಕಾಡಿನ ಅಂಚಿನಲ್ಲಿದೆ. ದುಬೈಯಲ್ಲಿರುವ ಭಾವ ಕತ್ತಲಲ್ಲೂ ಕಾಣುವ ಅಗ್ಗದ ದುರ್ಬೀನೊಂದನ್ನು ತಂದುಕೊಟ್ಟಿದ್ದರು. ನಿನ್ನೆ ರಾತ್ರಿ ಅದರಲ್ಲಿ ನೋಡಿದೆ. ಹೆಂಡತಿ ಮೂರು ತಿಂಗಳು ನೀರು ಹೊತ್ತು ಬೆಳೆಸಿದ ಗೆಣಸನ್ನು ಏಳು ಕಾಡುಹಂದಿಗಳು ಅಗೆದು ತಿನ್ನುತ್ತಿದ್ದವು. ಡಬ್ಬ ಬಡಿದೆ, ಕೂಗಿದೆ. ಒಂದೂ ತಲೆ ಎತ್ತಲಿಲ್ಲ.

"ಕೋವಿ ಕೊಡಿ ಸಾರ್, ಇನ್ನು ಅರ್ಧ ಗದ್ದೆ ಮಾತ್ರ ಉಂಟು" ಎಂದು ಇವತ್ತು ಠಾಣೆಯಲ್ಲಿ ಬೇಡಿಕೊಂಡೆ.

"ಮತ ಎಣಿಕೆ ಮುಗಿಯಲಿ ಮಾರಾಯ್ರೆ. ಅಲ್ಲಿಯವರೆಗೆ ಸ್ವಲ್ಪ ನೋಡಿಕೊಳ್ಳಿ" ಎಂದರು ಸಾಹೇಬರು.

ನೋಡುತ್ತೇನೆ. ಆ ಹಕ್ಕನ್ನು ಇನ್ನೂ ಯಾರೂ ಠಾಣೆಯಲ್ಲಿ ಇಡಿಸಿಕೊಂಡಿಲ್ಲ.