ಬೋಲ್ಟಕ್ಕ ಬೇಡ ಎಂದ ಬೋಲ್ಟುಗಳು

ಗ್ಯಾರೇಜಿನ ಹಿಂಭಾಗದಲ್ಲಿ, ನೀರಿನ ನಲ್ಲಿಗೂ ಹಳೆ ಟೈರುಗಳ ರಾಶಿಗೂ ನಡುವೆ, ಒಂದು ಉದ್ದನೆಯ ಮರದ ಮೇಜಿದೆ. ಇಪ್ಪತ್ತಾರು ವರ್ಷದಿಂದ ಆ ಮೇಜಿನ ಒಡತಿ ಬೋಲ್ಟಕ್ಕ. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಆದರೆ ಅದನ್ನು ಹಿಡಿದು ಕೂಗಿದರೆ ಈಗ ಆಕೆಯೇ ತಿರುಗಿ ನೋಡುವುದಿಲ್ಲ. ಬಿಚ್ಚಿದ ಎಂಜಿನ್ನಿನ ನಟ್ಟು ಬೋಲ್ಟುಗಳೆಲ್ಲ ಮೊದಲು ಆ ಮೇಜಿಗೆ ಬರಬೇಕು. ಯಾವುದು ಮತ್ತೆ ಎಂಜಿನ್ನಿಗೆ, ಯಾವುದು ಗುಜರಿ ಡಬ್ಬಕ್ಕೆ ಎನ್ನುವುದನ್ನು ಆಕೆಯೇ ಹೇಳಬೇಕು.

ಆಕೆ ಈ ಕೆಲಸಕ್ಕೆ ಬಂದದ್ದು ಊಟದ ಡಬ್ಬಿ ಹಿಡಿದುಕೊಂಡು. ಗ್ಯಾರೇಜು ಗಂಡನ ಅಣ್ಣನದು. ಓರಗಿತ್ತಿ ಕಾಲು ಮುರಿದುಕೊಂಡು ಮಲಗಿದ್ದಾಗ ಭಾವನಿಗೆ ಮಧ್ಯಾಹ್ನದ ಊಟ ಒಯ್ಯುವ ಕೆಲಸ ಈಕೆಯ ಪಾಲಿಗೆ ಬಂತು. ಒಂದು ದಿನ ಹೋದಾಗ ಭಾವ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಮೆಕ್ಯಾನಿಕ್ ಒಂದು ಕಾರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಬೋಲ್ಟುಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದು, ಯಾವುದೋ ಮಾತಿಗೆ ಮುನಿಸಿಕೊಂಡು ಹೊರಟುಹೋಗಿದ್ದ. ನೂರಾರು ಬೋಲ್ಟುಗಳಲ್ಲಿ ಯಾವುದು ಎಲ್ಲಿಯದೆಂದು ಬಿಚ್ಚಿದವನಿಗೆ ಮಾತ್ರ ಗೊತ್ತು.

ಭಾವ ಉಣ್ಣುವಷ್ಟು ಹೊತ್ತು ಸುಮ್ಮನೆ ಕೂರಲಾಗದೆ ಆಕೆ ಬಕೆಟ್ಟಿಗೆ ಕೈ ಹಾಕಿದಳು. ಕೆಲವು ಬೋಲ್ಟುಗಳು ಬೆಂದು ನೀಲಿಗಟ್ಟಿದ್ದವು, ಕೆಲವು ಎಣ್ಣೆಯಲ್ಲಿ ನೆಂದು ಕರ್ರಗೆ ಮಿನುಗುತ್ತಿದ್ದವು, ಇನ್ನು ಕೆಲವಕ್ಕೆ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಕಿಟ್ಟ ಹಿಡಿದಿತ್ತು. ಬೆಂದದ್ದು ಹೊಗೆ ಹೋಗುವ ಕಡೆಯದು, ಕಿಟ್ಟ ಹಿಡಿದದ್ದು ನೀರು ಹರಿಯುವ ಕಡೆಯದು ಇರಬೇಕಲ್ಲವೇ ಎಂದು ಕೇಳಿದಳು. ಭಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಂಜೆಯೊಳಗೆ ಇಬ್ಬರೂ ಕೂತು ಬಕೆಟ್ ಖಾಲಿ ಮಾಡಿದರು. ಮರುದಿನ ಊಟದ ಡಬ್ಬಿಯ ಜೊತೆ ಒಂದು ಹಳೆ ಸೀರೆಯನ್ನೂ ಚಿಂದಿಗೆಂದು ಕಟ್ಟಿಕೊಂಡು ಹೋದಳು. ಆಮೇಲೆ ಬಿಟ್ಟಿಲ್ಲ.

ಕೆಲಸ ನೋಡಲು ಸುಲಭ. ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ನೆನೆಹಾಕಬೇಕು, ಹಿತ್ತಾಳೆ ಬ್ರಷ್ಷಿನಿಂದ ಉಜ್ಜಬೇಕು, ಒರೆಸಬೇಕು, ಬೋಲ್ಟಿನ ಸುರುಳಿ ಗೆರೆಗಳ ಸಂದಿಯಲ್ಲಿ ಕೂತ ಕೊಳೆಯನ್ನು ಸೂಜಿಯಿಂದ ಕೆದಕಿ ತೆಗೆಯಬೇಕು. ಆದರೆ ಬೋಲ್ಟಕ್ಕ ಅಷ್ಟಕ್ಕೆ ಬಿಡುವವಳಲ್ಲ. ಒಂದೊಂದಕ್ಕೂ ಅದರ ಅಳತೆಯ ನಟ್ಟನ್ನು ಬರಿಗೈಯಲ್ಲಿ ತಿರುಗಿಸಿ ನೋಡುತ್ತಾಳೆ. ನಟ್ಟು ತಲೆಯವರೆಗೆ ಸಲೀಸಾಗಿ ಓಡಿದರೆ ಪಾಸು. ಆಮೇಲೆ ರಟ್ಟಿನ ಮೇಲೆ ಎಂಜಿನ್ನಿನ ಆಕಾರ ಬರೆದು, ತೂತು ಕೊರೆದು, ಬೋಲ್ಟನ್ನು ಅದರದೇ ಜಾಗದಲ್ಲಿ ಚುಚ್ಚಿಡುತ್ತಾಳೆ. ಮುದ್ರಣಾಲಯದಲ್ಲಿ ಕೆಲಸ ಮಾಡುವ ಗಂಡ ರಟ್ಟು ತಂದುಕೊಡುತ್ತಾನೆ. ತುಕ್ಕು ಕಂಡರೆ ಬಿಡದ ಹೆಂಡತಿ ಎಂದಾದರೊಂದು ದಿನ ತನ್ನನ್ನೂ ಡೀಸೆಲ್ಲಿನಲ್ಲಿ ನೆನೆಹಾಕುತ್ತಾಳೆ ಎಂದು ಅವನು ಊರೆಲ್ಲ ಹೇಳಿಕೊಂಡು ಬರುತ್ತಾನೆ.

ಭಾವ ವಯಸ್ಸಾಗಿ ಮನೆಯಲ್ಲಿ ಉಳಿದ ಮೇಲೆ ಗ್ಯಾರೇಜು ಅವರ ಮಗನ ಕೈಗೆ ಬಂತು. ಚಿಕ್ಕಮ್ಮನ ಮೇಲೆ ಅವನಿಗೆ ಪ್ರೀತಿ ಇತ್ತು, ತಾಳ್ಮೆ ಮಾತ್ರ ಕಡಿಮೆ. ಕಳೆದ ವರ್ಷ ಅವರಿಬ್ಬರ ನಡುವೆ ಜಟಾಪಟಿ ನಡೆದದ್ದು ಒಂದು ವ್ಯಾನಿನ ದೆಸೆಯಿಂದ.

ವ್ಯಾನು ವಾರಕ್ಕೆ ಮೂರು ದಿನ ಏಳು ಮಂದಿ ಕಿಡ್ನಿ ರೋಗಿಗಳನ್ನು ಗುಡ್ಡದಾಚೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿತ್ತು. ಎಂಜಿನ್ ಬಿಸಿಯಾಗಿ ನಿಂತದ್ದರಿಂದ ಅದರ ಮೇಲಿನ ಭಾಗವನ್ನು, ಅಂದರೆ ಹೆಡ್ಡನ್ನು, ಬಿಚ್ಚಬೇಕಾಯಿತು. ಅದನ್ನು ಕೆಳಭಾಗಕ್ಕೆ ಬಿಗಿದಿಡುವ ಹತ್ತು ಉದ್ದನೆಯ ಬೋಲ್ಟುಗಳು ಬೋಲ್ಟಕ್ಕನ ಮೇಜಿಗೆ ಬಂದವು. ಹೆಡ್ಡಿನ ರಿಪೇರಿ ಮುಗಿದಿತ್ತು. ಮರುದಿನವೇ ಬೆಳಿಗ್ಗೆ ರೋಗಿಗಳನ್ನು ಕರೆದೊಯ್ಯಬೇಕಿದ್ದ ಡ್ರೈವರ್ ಗ್ಯಾರೇಜಿನಲ್ಲೇ ಬೀಡುಬಿಟ್ಟಿದ್ದ.

ಬೋಲ್ಟಕ್ಕ ಹತ್ತನ್ನೂ ತೊಳೆದು, ಒರೆಸಿ, ಮೇಜಿನ ಮೇಲೆ ತಲೆ ಕೆಳಗಾಗಿ ಸಾಲಾಗಿ ನಿಲ್ಲಿಸಿ, ಕಣ್ಣನ್ನು ಅದೇ ಮಟ್ಟಕ್ಕೆ ತಂದು ನೋಡಿದಳು. ಎರಡು ಬೋಲ್ಟುಗಳು ಉಳಿದವಕ್ಕಿಂತ ಚೂರು ಎತ್ತರ ಕಂಡವು. ನಟ್ಟು ಹಾಕಿ ತಿರುಗಿಸಿದರೆ ಆ ಎರಡರಲ್ಲೂ ಅರ್ಧ ದಾರಿಗೆ ಬಿಗಿಹಿಡಿದು ನಿಂತಿತು. ಆಕೆ ಕೈ ಒರೆಸಿಕೊಂಡು ಹೋಗಿ, ಇವು ಬೇಡ, ಹತ್ತೂ ಹೊಸದು ತರಿಸು ಎಂದಳು.

ಹೊಸದು ಬರುವುದಕ್ಕೆ ಮೂರು ದಿನ ಬೇಕಿತ್ತು. ಭಾವನ ಮಗ ಬೋಲ್ಟುಗಳನ್ನು ಕೈಯಲ್ಲಿ ಹೊರಳಿಸಿದ.

"ಚಿಕ್ಕಮ್ಮ, ಎಲ್ಲಾ ಒಂದೇ ಥರ ಇದೆಯಲ್ಲ. ಫಳಫಳ ಅಂತ ಹೊಳೀತಿದೆ."

"ಹೊಳೆಯೋ ಹಾಗೆ ಉಜ್ಜಿದ್ದು ನಾನೇ ಕಣೋ. ಇವೆರಡು ಎಳೆದು ಉದ್ದ ಆಗಿವೆ. ಉಳಿದ ಎಂಟೂ ಅಷ್ಟೇ ಭಾರ ಹೊತ್ತಿದ್ದಾವೆ."

ಡ್ರೈವರಿಗೆ ರೇಗಿತು. ಏಳು ಜನರ ಜೀವದ ಪ್ರಶ್ನೆ ಇದು, ಡೀಸೆಲ್ಲಿನಲ್ಲಿ ಬೋಲ್ಟು ತೊಳೆಯುವವರ ಮಾತು ಕೇಳಿಕೊಂಡು ಕೂರಲಾಗುವುದಿಲ್ಲ ಎಂದುಬಿಟ್ಟ. ಭಾವನ ಮಗನಿಗೇ ಮುಜುಗರವಾಗಿ, ಏನೋ ಹೇಳಲು ಬಾಯಿ ತೆರೆದ.

ಬೋಲ್ಟಕ್ಕ ಸಿಟ್ಟಾಗಲಿಲ್ಲ. ಆ ಎರಡರಲ್ಲಿ ಒಂದನ್ನು ಎತ್ತಿಕೊಂಡು, ದಪ್ಪನೆಯ ಕಬ್ಬಿಣದ ಕೊಳವೆಯೊಂದರಲ್ಲಿ ತೂರಿಸಿ, ಆಚೆ ತುದಿಗೆ ನಟ್ಟು ಹಾಕಿ, ನಟ್ಟನ್ನು ಮೇಜಿಗೆ ಕೂರಿಸಿದ ವೈಸಿನ ದವಡೆಗಳ ನಡುವೆ ಬಿಗಿದಳು. ಎಷ್ಟು ಬಿಗಿಯಾಯಿತೆಂದು ಮುಳ್ಳಿನಲ್ಲಿ ತೋರಿಸುವ ಉದ್ದನೆಯ ಟಾರ್ಕ್ ಸ್ಪ್ಯಾನರನ್ನು ಡ್ರೈವರಿನ ಕೈಗೇ ಕೊಟ್ಟಳು.

"ನೀನೇ ಬಿಗಿ ಮಾಡಪ್ಪ. ಮುಳ್ಳಿನ ಮೇಲೆ ಕಣ್ಣಿರಲಿ."

ಅವನು ಬಿಗಿದ. ಮುಳ್ಳು ಏರುತ್ತಾ ಹೋಗಿ, ಬೇಕಾದ ಗೀಟು ಮುಟ್ಟುವ ಮೊದಲೇ ನಿಂತಿತು. ಬೋಲ್ಟು ಮಾತ್ರ ತಿರುಗುತ್ತಲೇ ಇತ್ತು. ಅವನು ಬೋಲ್ಟಕ್ಕನ ಮುಖ ನೋಡಿದ. ಇನ್ನೂ ತಿರುಗಿಸು ಎಂದು ಆಕೆ ಕಣ್ಣಲ್ಲೇ ಹೇಳಿದಳು. ಇನ್ನೂ ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಟಪ್ಪನೆ ಸದ್ದಾಗಿ ಸ್ಪ್ಯಾನರ್ ಹಗುರಾಯಿತು, ಡ್ರೈವರ್ ಮುಗ್ಗರಿಸಿ ಟೈರುಗಳ ಮೇಲೆ ಕೂತ. ತುಂಡಾದ ಬೋಲ್ಟಿನ ನಡು ಎಳೆದ ಬೆಲ್ಲದ ಪಾಕದಂತೆ ಸಣ್ಣಗಾಗಿತ್ತು.

"ಇದು ಇಲ್ಲಿ ಮುರೀತು," ಎಂದಳು ಬೋಲ್ಟಕ್ಕ. "ಗುಡ್ಡದ ಮೇಲೆ, ಏಳು ಜನ ಕೂತಿರೋವಾಗ ಮುರೀಲಿಲ್ಲ."

ಡ್ರೈವರ್ ಆ ತುಂಡನ್ನು ತಿರುಗಿಸಿ ನೋಡಿದ. ಆಮೇಲೆ ಎದ್ದು ಬಂದು, ತಪ್ಪಾಯಿತಕ್ಕ ಎಂದ. ಮೂರು ದಿನದ ಲೆಕ್ಕಾಚಾರ ಆಗಲೇ ಆಕೆಯ ತಲೆಯಲ್ಲಿ ಓಡುತ್ತಿತ್ತು. ಭಾವನ ಮಗನ ಸ್ವಂತ ಕಾರನ್ನು ಡ್ರೈವರಿಗೆ ಕೊಡುವುದು, ನಾಲ್ವರನ್ನು ಬೆಳಿಗ್ಗೆ, ಮೂವರನ್ನು ಮಧ್ಯಾಹ್ನ ಕರೆದೊಯ್ಯುವುದು ಎಂದು ಆಕೆಯೇ ತೀರ್ಮಾನಿಸಿದಳು. ಆಸ್ಪತ್ರೆಗೆ ಫೋನು ಮಾಡಿ ಹೊತ್ತು ಹೊಂದಿಸಿದ್ದೂ ಆಕೆಯೇ. ತನ್ನ ಕಾರನ್ನು ದಾನ ಮಾಡುವ ಮುಂಚೆ ತನ್ನನ್ನೊಂದು ಮಾತು ಕೇಳಬಹುದಿತ್ತು ಎಂದು ಭಾವನ ಮಗ ಗೊಣಗಿದ. ಕೇಳಿದ್ದರೆ ನೀನು ಕೊಡುತ್ತಿರಲಿಲ್ಲವೇ ಎಂದು ಚಿಕ್ಕಮ್ಮ ಕೇಳಿದಾಗ, ಕೊಡುತ್ತಿದ್ದೆ ಎಂದು ಒಪ್ಪಿಕೊಂಡು ಕೀಲಿ ತೆಗೆದುಕೊಟ್ಟ.

ನಾಲ್ಕನೆಯ ದಿನ ಹೊಸ ಬೋಲ್ಟುಗಳು ಬಂದವು. ಎಂಜಿನ್ನಿನ ಉಳಿದ ಎಂಬತ್ತಕ್ಕೂ ಹೆಚ್ಚು ಬೋಲ್ಟುಗಳು ಹಳೆಯವೇ, ಬೋಲ್ಟಕ್ಕ ತೊಳೆದು ಪಾಸು ಮಾಡಿದವು. ಹೊಸದೆಂದು ಆ ಹತ್ತನ್ನೂ ಆಕೆ ಸುಮ್ಮನೆ ನಂಬಲಿಲ್ಲ. ಪೊಟ್ಟಣ ಒಡೆದು, ಒಂದೊಂದಕ್ಕೂ ನಟ್ಟು ಓಡಿಸಿ ನೋಡಿಯೇ ಕೊಟ್ಟಳು. ಈ ಸಲ ಭಾವನ ಮಗ ಗಡಿಯಾರ ನೋಡದೆ ಪಕ್ಕದಲ್ಲಿ ನಿಂತಿದ್ದ. ನಟ್ಟು ಬಿಗಿಹಿಡಿಯುವುದು ಬೆರಳಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿ, ಗುಜರಿ ಡಬ್ಬದಿಂದ ನಾಲ್ಕು ಬೋಲ್ಟು ತೆಗೆದು ತಾನೂ ತಿರುಗಿಸಿ ನೋಡಿದ.

ಮಧ್ಯಾಹ್ನ ವ್ಯಾನನ್ನು ಗುಡ್ಡ ಹತ್ತಿಸಿ ನೋಡಬೇಕಿತ್ತು. ತಾನು ಒಬ್ಬನೇ ಹೋಗುವುದಿಲ್ಲ, ಅಕ್ಕ ಜೊತೆಗೆ ಬರಲೇಬೇಕು ಎಂದು ಡ್ರೈವರ್ ಹಟ ಹಿಡಿದ. ಬೋಲ್ಟಕ್ಕ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು, ಸೆರಗು ಸಿಕ್ಕಿಸಿ, ಮುಂದಿನ ಸೀಟಿನಲ್ಲಿ ಕೂತಳು. ಏರುದಾರಿ ಶುರುವಾದ ಮೇಲೆ ಡ್ರೈವರ್ ರಸ್ತೆಗಿಂತ ಹೆಚ್ಚಾಗಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ನೋಡತೊಡಗಿದ. ಮೊದಲ ತಿರುವು ದಾಟಿತು, ಮೂರನೆಯದೂ ದಾಟಿತು, ಮುಳ್ಳು ನಡುವಿನ ಗೀಟಿನಿಂದ ಅಲುಗಲಿಲ್ಲ. ಅದನ್ನು ಹೇಳೋಣವೆಂದು ಅವನು ಪಕ್ಕಕ್ಕೆ ತಿರುಗಿದ.

ಬೋಲ್ಟಕ್ಕ ಕಿಟಕಿಗೆ ತಲೆ ಆನಿಸಿಕೊಂಡು, ಬಾಯಿ ಚೂರು ತೆರೆದು, ಸುಖವಾಗಿ ನಿದ್ದೆ ಹೊಡೆಯುತ್ತಿದ್ದಳು. ಡ್ರೈವರ್ ಸದ್ದಾಗದಂತೆ ಗೇರು ಬದಲಾಯಿಸಿ ಮುಂದಿನ ತಿರುವು ತೆಗೆದುಕೊಂಡ.