ತಕ್ಕಡಿಯಲ್ಲಿ ಕೂರಿಸಿದ ಅವ್ವ

ಅವ್ವ, ಡಾಕ್ಟರು ಹೇಳಿದ್ದನ್ನು ನಾನು ಮುಚ್ಚಿಟ್ಟೆ. ರಕ್ತದಲ್ಲಿ ಕೊಬ್ಬು ಹೆಚ್ಚಿದ್ದದ್ದು ನಿನಗಲ್ಲ, ಅಪ್ಪನಿಗೆ. ಅದು ಗೊತ್ತಿದ್ದೂ ನಿನ್ನ ಹೊಟ್ಟೆ ಕಟ್ಟಿದೆ, ಅಪ್ಪನ ಮುದ್ದೆಗೆ ಬೆಣ್ಣೆ ಹಾಕಿಸಿದೆ. ನೀನೀಗ ಇಲ್ಲ. ಇದ್ದಾಗ ಹೇಳುವ ಯೋಗ್ಯತೆ ನನಗಿರಲಿಲ್ಲ — ಈಗಲೂ ನನ್ನ ಮೇಲಿನ ಸಿಟ್ಟಿಗೆ ಹಲ್ಲು ಕಡಿಯುತ್ತಲೇ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಮಾತು. ಹಾಸನದಲ್ಲಿ ನಮ್ಮದು ಆಲೂಗಡ್ಡೆ ಮಂಡಿ. ಅಲ್ಲಿಗೆ ಬರುತ್ತಿದ್ದ ದಪ್ಪನೆಯ ವ್ಯಾಪಾರಿಯೊಬ್ಬ ಎದೆನೋವಿನಿಂದ ಸತ್ತ. ದಪ್ಪಗಿರುವವರ ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬು ಸೇರಿ ಎದೆನೋವು ಬರುತ್ತದೆಂದು ಪೇಪರಿನಲ್ಲೆಲ್ಲೋ ಓದಿದ್ದೆ. ಅರೆಬರೆ ಓದಿದ ಬುದ್ಧಿವಂತ ನಾನು! ನೀನೋ, ಅರವತ್ತು ದಾಟಿ ಮೈತುಂಬಿಕೊಂಡಿದ್ದವಳು.

ಅಂದಿನಿಂದ ಸಂತೆಯ ದಿನ ನಿನ್ನನ್ನು ಮಂಡಿಗೆ ಕರೆಸಿ, ಮೂಟೆ ತೂಗುವ ತಕ್ಕಡಿಯಲ್ಲಿ ಕೂರಿಸುತ್ತಿದ್ದೆ. ನೀನು ಸರಪಳಿ ಹಿಡಿದುಕೊಂಡು, ಸೆರಗು ಎಳೆದುಕೊಂಡು ತಲೆ ತಗ್ಗಿಸುತ್ತಿದ್ದೆ. ಹಮಾಲರು, ಕೊಣನೂರಿನ ಕಡೆಯಿಂದ ಬಂದ ರೈತರು ಸುತ್ತ ನೆರೆಯುತ್ತಿದ್ದರು.

“ಇನ್ನೊಂದ್ ಕಲ್ಲಾಕ್ಲಾ, ಅವ್ವ ಮ್ಯಾಕೆ ಏಳ್ತಿಲ್ಲ!” ಎಂದು ಒಬ್ಬ ಕೂಗಿದರೆ ಎಲ್ಲರೂ ನಗುತ್ತಿದ್ದರು. ಅವರ ಬಾಯಿ ಮುಚ್ಚಿಸಬೇಕಾಗಿದ್ದವನು ನಾನು. ನಾನೂ ನಗುತ್ತಿದ್ದೆ.

ಮನೆಯಲ್ಲಿ ನಿನಗೆ ಅರ್ಧ ಮುದ್ದೆ, ಒಗ್ಗರಣೆಯಿಲ್ಲದ ಸಾರು. ಅಪ್ಪ ಒಣಕಲು ಆಳು, ಆತನಿಗೆ ಬೆಣ್ಣೆ, ತಲೆಮಾಂಸ, ಕಾಲುಸಾರು. ಮೂಳೆ ಕಾಣುವ ಮೈಯಲ್ಲಿ ಕೊಬ್ಬೆಲ್ಲಿಂದ ಬರಬೇಕು ಎಂದು ನನ್ನ ತಿಳಿವಳಿಕೆ. ಆ ಬೆಣ್ಣೆ ಬಡಿಸುವ ಕೆಲಸವನ್ನೂ ನಿನಗೇ ವಹಿಸಿದ್ದೆ — ಹಸಿದವಳ ಕೈಗೆ ಬೆಣ್ಣೆಯ ಬಟ್ಟಲು ಕೊಟ್ಟಿದ್ದೆ!

ಒಂದು ದಿನ ತಲೆ ಸುತ್ತಿ ಬಿದ್ದೆ ನೀನು. ನಾನು ಡಾಕ್ಟರ ಬಳಿ ಕರೆದೊಯ್ದೆ, ಅಪ್ಪನೂ ಜೊತೆಗೆ ಬಂದ. ನಿನ್ನ ರಕ್ತ ತೆಗೆಯುವಾಗ, “ನಮ್ಮ ಯಜಮಾನ್ರುದೂ ತಗಳಿ ಸಾ. ಎಷ್ಟ್ ಬೆಣ್ಣೆ ಇಕ್ಕುದ್ರೂ ಮೈಗತ್ತಾಕಿಲ್ಲ” ಅಂದೆ ನೀನು. ಇಬ್ಬರ ರಕ್ತವೂ ಪರೀಕ್ಷೆಗೆ ಮೈಸೂರಿಗೆ ಹೋಯಿತು. ಫಲಿತಾಂಶ ಕೇಳಲು ನಾನೊಬ್ಬನೇ ಹೋದೆ.

“ನಿಮ್ಮ ತಾಯಿಯವರ ರಕ್ತ ಚೆನ್ನಾಗಿದೆ” ಎಂದರು ಡಾಕ್ಟರು. “ಕೊಲೆಸ್ಟರಾಲ್ ಹೆಚ್ಚಿರೋದು ತಂದೆಯವರಿಗೆ. ವಯಸ್ಸಾದವರ ಮೈ ನೋಡಿ ರಕ್ತ ಹಿಂಗೇ ಅಂತ ಹೇಳೋಕಾಗಲ್ಲ ಕಣ್ರೀ. ಆ ಬೆಣ್ಣೆ ನಿಲ್ಲಿಸಿ. ತಾಯಿಗೆ ಹೊಟ್ಟೆ ತುಂಬ ಊಟ ಹಾಕಿ.”

ದಾರಿಯುದ್ದಕ್ಕೂ ನನಗೆ ಅಪ್ಪನ ಚಿಂತೆಯಲ್ಲ, ನನ್ನ ಮರ್ಯಾದೆಯ ಚಿಂತೆ. ಊರೆಲ್ಲ ನೋಡುವಂತೆ ಹೆತ್ತವಳನ್ನು ತೂಗಿದವನು, ಅದೆಲ್ಲ ಸುಳ್ಳಾಯಿತು ಎಂದು ಮಂಡಿಯಲ್ಲಿ ಹೇಗೆ ಹೇಳಲಿ? ನೀನು ಬಾಗಿಲಲ್ಲೇ ಕಾದಿದ್ದೆ.

“ಏನಂದ್ರಪ್ಪಾ ಡಾಕ್ಟ್ರು?”

“ಅಪ್ಪಂಗೇನಿಲ್ಲ ಕಣವ್ವ. ನೀನೇ ಬಾಯಿ ಕಟ್ಬೇಕಂತೆ.”

ಇಷ್ಟೇ ನಾನು ಆಡಿದ್ದು.

ಆ ವರ್ಷದ ಕೊನೆಯಲ್ಲಿ, ಊಟ ಮುಗಿಸಿ ಎದ್ದ ಅಪ್ಪ ಎದೆ ಹಿಡಿದುಕೊಂಡು ಕುಸಿದ. ಮತ್ತೆ ಏಳಲಿಲ್ಲ. ಬೆಣ್ಣೆಯೇ ಕೊಂದಿತೆಂದು ಯಾರೂ ಆಣೆ ಮಾಡಿ ಹೇಳಲಾರರು — ಈ ಮಾತಿನ ಹಿಂದೆ ಎಷ್ಟು ಕಾಲ ಅಡಗಿ ಕೂತಿದ್ದೆನೋ, ಥೂ! ಡಾಕ್ಟರು ನಿಲ್ಲಿಸಿ ಎಂದಿದ್ದರು. ನಾನು ನಿಲ್ಲಿಸಲಿಲ್ಲ.

ನಿನ್ನ ಮೇಲೂ ಸಿಟ್ಟು ಬರುತ್ತದೆ ಅವ್ವ. ತಕ್ಕಡಿಯಿಂದ ಇಳಿದು ಬಂದು, ಆ ಜನರೆದುರಿಗೇ ನನ್ನ ಕೆನ್ನೆಗೊಂದು ಬಾರಿಸಬಾರದಿತ್ತೇ? ಬಾರಿಸಿದ್ದರೆ ಬಹುಶಃ — ಇಲ್ಲ. ನೋಡು, ಇದನ್ನೂ ನಿನ್ನ ತಲೆಗೇ ಕಟ್ಟಲು ಹೊರಟೆ.

ಅಪ್ಪನ ತಿಥಿಯ ದಿನ ನಿನ್ನ ಎಲೆಗೆ ಯಾರೋ ವಡೆ ಹಾಕಿದರು. ನೀನು ನನ್ನತ್ತ ನೋಡಿ, ಅದನ್ನು ಮುರಿಯದೆ ಪಕ್ಕಕ್ಕೆ ಸರಿಸಿದೆ. ಜೊತೆಗೆ ಕೂತ ಹೆಂಗಸರಿಗೆ ಹೇಳಿದೆ:

“ಅವರ್ನ ದ್ಯಾವ್ರು ಕರ್ಕಂಡ. ನನ್ನ ನನ್ ಮಗ ಉಳಿಸ್ಕಂಡ ಕಣ್ರವ್ವ. ಕಂಡಿದ್ದೆಲ್ಲ ತಿನ್ನಾಕ್ ಬುಡದಂಗೆ ಕಾಯ್ತಾವ್ನೆ.”

ತಿನ್ನವ್ವ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಂದೂ ಹೊರಡಲಿಲ್ಲ, ಆಮೇಲೂ ಹೊರಡಲಿಲ್ಲ. ನೀನು ಅರ್ಧ ಮುದ್ದೆಯಲ್ಲೇ ಉಳಿದ ವರ್ಷಗಳನ್ನೆಲ್ಲ ಕಳೆದೆ. ಆ ಹಸಿವನ್ನು ಮಗನ ಪ್ರೀತಿ ಎಂದುಕೊಂಡೇ ಹೋದೆ.